ಚೀನೀ ಮಾತಿನವರ ಅಳತೆಗೆ ಹೊಲಿದ ಇಂಗ್ಲಿಷ್ ಪಾಠ ಕೋಲಾರದವರಿಗೆ ಹೊಂದುತ್ತದೆಯೇ?

ಕೋಲಾರದ ಟೇಕಲ್ ರಸ್ತೆಯಲ್ಲಿ ಭಾನುವಾರ ಬೆಳಿಗ್ಗೆ ನಡೆಯುವ ಈ ಕೋರ್ಸಿನಲ್ಲಿ ಇಡೀ ಇಂಗ್ಲಿಷ್ ಕಲಿಸುವುದಿಲ್ಲ. ತಲಾ 90 ನಿಮಿಷದ ಎಂಟು ತರಗತಿ, ಫೀಸು 2,400 ರೂಪಾಯಿ. ವಿಷಯ ಒಂದೇ: ಎರಡು ಮಾತಿನ ನಡುವೆ ವಿರೋಧ ತೋರಿಸುವುದು ಹೇಗೆ, ಒಂದನ್ನು ಒಪ್ಪಿಕೊಂಡೇ ಇನ್ನೊಂದನ್ನು ಹೇಳುವುದು ಹೇಗೆ. ಬಟ್, ಆಲ್ದೋ, ಈವನ್ ದೋ, ಈವನ್ ಇಫ್, ಡಿಸ್ಪೈಟ್, ಹೌಎವರ್, ಇಷ್ಟರ ಸುತ್ತಲೇ ಎಂಟೂ ವಾರ. ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಲ್ಲಿ ಶಿಫ್ಟ್ ನೋಡಿಕೊಳ್ಳುವವರು, ಕ್ವಾಲಿಟಿ ವಿಭಾಗದವರು ಇಲ್ಲಿ ಹೆಚ್ಚು. ದಿನವೂ ಮೇಲ್ ಬರೆಯಬೇಕಾದವರಿಗೆ ಈ ಆರು ಪದಗಳಲ್ಲೇ ಅರ್ಧ ತಪ್ಪು ಆಗುತ್ತದೆ, ಹಾಗಾಗಿ ವಿಷಯದ ಆಯ್ಕೆ ಸರಿಯಾಗಿದೆ.

ವಿಶೇಷವೇನೆಂದರೆ, ಕೊಡುವ 64 ಪುಟದ ಸ್ಪೈರಲ್ ಪುಸ್ತಕ ಮೂಲದಲ್ಲಿ ಚೀನೀ ಭಾಷೆ ಆಡುವವರಿಗಾಗಿ ತಯಾರಾದದ್ದು. ಜೆರಾಕ್ಸ್ ಪ್ರತಿಯ ಅಂಚಿನಲ್ಲಿ ಚೀನೀ ಅಕ್ಷರಗಳು ಇನ್ನೂ ಹಾಗೇ ಇವೆ. ಅಭ್ಯಾಸಗಳು ಒಳ್ಳೆಯವು. ಆದರೆ ಅವರು ಎಡವುವ ಜಾಗ ಬೇರೆ, ನಾವು ಎಡವುವ ಜಾಗ ಬೇರೆ. ಹಣ ಕಟ್ಟುವ ಮೊದಲು ತಿಳಿದಿರಬೇಕಾದದ್ದು ಇದೇ.

ಮೊದಲ ಮೂರು ತರಗತಿಗಳು 'ಆಲ್ದೋ' ಮತ್ತು 'ಬಟ್' ಜೋಡಿಗೆ ಮೀಸಲು. ಚೀನೀ ಭಾಷೆಯಲ್ಲಿ 'ಸ್ವೇರಾನ್' ಎಂದು ಮೊದಲ ಭಾಗ ಶುರುಮಾಡಿದರೆ ಎರಡನೇ ಭಾಗಕ್ಕೆ 'ದಾನ್‌ಶಿ' ಸಾಮಾನ್ಯವಾಗಿ ಬಂದೇ ಬರುತ್ತದೆ. ಎತ್ತಿನ ಜೋಡಿಯ ಹಾಗೆ ಎರಡೂ ಒಟ್ಟಿಗೆ. ಅದನ್ನೇ ಇಂಗ್ಲಿಷಿಗೆ ತಂದಾಗ 'ಆಲ್ದೋ ಇಟ್ ರೈನ್ಡ್, ಬಟ್ ವಿ ವೆಂಟ್' ಆಗುತ್ತದೆ. ಇಂಗ್ಲಿಷ್ ಒಂದನ್ನೇ ಬಯಸುತ್ತದೆ: ಆಲ್ದೋ ಇಟ್ಟರೆ ಬಟ್ ಬೇಡ, ಬಟ್ ಇಟ್ಟರೆ ಆಲ್ದೋ ಬೇಡ. 'ಸ್ವೇರಾನ್' ಕರ್ತೃವಿನ ಹಿಂದೆಯೂ ಕೂರಬಲ್ಲದು, ಮುಂದೆಯೂ ಕೂರಬಲ್ಲದು. ಅದಕ್ಕೇ ಅವರ ಬಾಯಲ್ಲಿ 'ಹೀ ಆಲ್ದೋ ವಾಸ್ ಸಿಕ್' ಎಂಬ ವಾಕ್ಯವೂ ಬರುತ್ತದೆ. ಕನ್ನಡದವರು ಈ ಎರಡನೇ ತಪ್ಪು ಮಾಡುವುದು ಅಪರೂಪ. ಮೂರನೇ ತರಗತಿಯ ಮೊದಲ ಅರ್ಧ ಅದಕ್ಕೇ ಹೋಗುತ್ತದೆ, ಅಷ್ಟು ಹೊತ್ತು ನಮಗೆ ನಷ್ಟ.

ಮೊದಲ ತಪ್ಪನ್ನು ಮಾತ್ರ ನಾವೂ ಮಾಡುತ್ತೇವೆ, ಕಾರಣ ಬೇರೆ. ಕನ್ನಡದಲ್ಲಿ 'ಮಳೆ ಬಂದರೂ ಹೋದೆವು' ಎನ್ನುವಾಗ ವಿರೋಧದ ಗುರುತು ಆ 'ರೂ'. ಅದು ಇರುವುದು ಎರಡು ಭಾಗ ಕೂಡುವ ಜಾಗದಲ್ಲಿ. ಇಂಗ್ಲಿಷಿನಲ್ಲಿ ಆಲ್ದೋ ಎಲ್ಲಕ್ಕಿಂತ ಮುಂಚೆಯೇ ಬಂದುಬಿಡುತ್ತದೆ, ಕೂಡುವ ಜಾಗಕ್ಕೆ ಬರುವಷ್ಟರಲ್ಲಿ ನಾಲಿಗೆಗೆ ಏನೋ ಬಿಟ್ಟುಹೋದ ಹಾಗೆ ಅನ್ನಿಸಿ ಒಂದು 'ಬಟ್' ಜಾರುತ್ತದೆ. ಕೋಲಾರದಲ್ಲಿ ಮನೆಮಾತು ಉರ್ದು ಆದವರ ತಪ್ಪು ಚೀನೀಯರದ್ದಕ್ಕೇ ಹತ್ತಿರ, ಅವರಲ್ಲೂ 'ಹಾಲಾಂಕಿ … ಲೇಕಿನ್' ಜೋಡಿ ಇದೆ. ತೆಲುಗಿನವರು 'ವಚ್ಚಿನಾ' ಎನ್ನುವುದು ನಮ್ಮ 'ಬಂದರೂ' ಹಾಗೆಯೇ. ಒಂದೇ ಬೆಂಚಿನಲ್ಲಿ ಮೂವರೂ ಒಂದೇ ತಪ್ಪು ಬರೆಯುತ್ತಾರೆ, ತಿದ್ದುವ ದಾರಿ ಮಾತ್ರ ಒಂದೇ ಅಲ್ಲ.

ತಿದ್ದಲು ಇಲ್ಲಿ ಮಾಡಿಸುವ ಅಭ್ಯಾಸ ಸರಳ, ಕೆಲಸವೂ ಮಾಡುತ್ತದೆ. ಮೇಜಿನ ಮೇಲೆ ನಾಲ್ಕು ಚೀಟಿ: ಒಂದು ಕೆಂಪು, ಅದರಲ್ಲಿ ಆಲ್ದೋ, ಒಂದು ನೀಲಿ, ಅದರಲ್ಲಿ ಬಟ್, ಎರಡು ಬಿಳಿ, ಅವುಗಳಲ್ಲಿ 'ಇಟ್ ರೈನ್ಡ್' ಮತ್ತು 'ವಿ ವೆಂಟ್'. ಬಣ್ಣದ ಚೀಟಿ ಒಂದನ್ನು ಎತ್ತಿದ ಕೂಡಲೇ ಇನ್ನೊಂದನ್ನು ಬೋರಲು ಹಾಕಬೇಕು. ಕೆಂಪು ಎತ್ತಿದರೆ ವಾಕ್ಯದ ಮೊದಲಿಗೆ, ಮಧ್ಯದಲ್ಲಿ ಬರೀ ಅಲ್ಪವಿರಾಮ. ನೀಲಿ ಎತ್ತಿದರೆ ಮಧ್ಯಕ್ಕೆ, ಮೊದಲಿಗೆ ಏನೂ ಇಲ್ಲ. ಇಪ್ಪತ್ತು ವಾಕ್ಯ ಹೀಗೆ ಕೈಯಿಂದ ಜೋಡಿಸಿದ ಮೇಲೆ ಬರೆಸುತ್ತಾರೆ. ಮಧ್ಯದಲ್ಲಿ ಏನಾದರೂ ಹೇಳಲೇಬೇಕು ಅನ್ನಿಸುವವರಿಗೆ 'ಸ್ಟಿಲ್' ಬಳಸಲು ಬಿಡುತ್ತಾರೆ: 'ಆಲ್ದೋ ಇಟ್ ರೈನ್ಡ್, ವಿ ಸ್ಟಿಲ್ ವೆಂಟ್'. ಸ್ಟಿಲ್ ವಾಕ್ಯಗಳನ್ನು ಕೂಡಿಸುವ ಪದ ಅಲ್ಲ, ಹಾಗಾಗಿ ಆಲ್ದೋ ಜೊತೆ ಅದಕ್ಕೆ ಜಗಳವಿಲ್ಲ. ಕನ್ನಡದ ನಾಲಿಗೆಗೆ ಇದು ದೊಡ್ಡ ಉಪಕಾರ.

ನಾಲ್ಕನೇ ತರಗತಿ ಡಿಸ್ಪೈಟ್. ಕೋರ್ಸಿನಲ್ಲಿ ಅತಿ ಗಟ್ಟಿಯಾದ ಪಾಠ ಇದೇ. ಚೀನೀ ಭಾಷೆಯ 'ಜಿನ್‌ಗ್ವಾನ್' ಪದಕ್ಕೆ ನಿಘಂಟುಗಳು ಆಲ್ದೋ, ಡಿಸ್ಪೈಟ್ ಎರಡೂ ಅರ್ಥ ಕೊಡುತ್ತವೆ. ಹಾಗಾಗಿ 'ಡಿಸ್ಪೈಟ್ ದ ಮಷೀನ್ ಸ್ಟಾಪ್ಡ್' ಎಂದು ಪೂರ್ತಿ ವಾಕ್ಯವನ್ನೇ ಅದರ ಮುಂದೆ ಇಡುತ್ತಾರೆ. ಡಿಸ್ಪೈಟ್ ಮುಂದೆ ನಾಮಪದ ಬೇಕು, ಇಲ್ಲವೇ 'ಇಂಗ್' ರೂಪ: 'ಡಿಸ್ಪೈಟ್ ದ ಬ್ರೇಕ್‌ಡೌನ್', 'ಡಿಸ್ಪೈಟ್ ದ ಮಷೀನ್ ಸ್ಟಾಪಿಂಗ್'. ಕನ್ನಡದವರ ತಪ್ಪು ಇನ್ನೊಂದು ರೀತಿಯದು: 'ಡಿಸ್ಪೈಟ್ ಆಫ್'. 'ಇನ್ ಸ್ಪೈಟ್ ಆಫ್' ಜೊತೆ ಗೊಂದಲ ಒಂದು ಕಾರಣ. ಇನ್ನೊಂದು, ಪತ್ರಿಕೆಗಳಲ್ಲಿ ಓದುವ 'ವಿಳಂಬದ ಹೊರತಾಗಿಯೂ'. ಆ 'ವಿಳಂಬದ' ಎಂಬುದರ ಕೊನೆಯ 'ದ' ಆಫ್ ಅನ್ನು ಎಳೆದು ತರುತ್ತದೆ. ಪುಸ್ತಕದಲ್ಲಿ ಈ ಎರಡನೇ ಕಾರಣ ಇಲ್ಲದಿದ್ದರೂ ಮೇಷ್ಟ್ರು ಬೋರ್ಡಿನ ಮೇಲೆ ಬಿಡಿಸಿ ತೋರಿಸುತ್ತಾರೆ.

ಕೋರ್ಸು ಸೋಲುವುದು ಐದನೇ ತರಗತಿಯಲ್ಲಿ. ಈವನ್ ಇಫ್ ಮತ್ತು ಈವನ್ ದೋ ಎರಡಕ್ಕೂ ಸೇರಿ ಪುಸ್ತಕದಲ್ಲಿ ಇರುವುದು ಒಂದೂವರೆ ಪುಟ, ತರಗತಿಯಲ್ಲಿ ಇಪ್ಪತ್ತು ನಿಮಿಷ. ಚೀನೀ ಮಾತಿನವರಿಗೆ ಅಷ್ಟು ಸಾಕು, ಏಕೆಂದರೆ ಅವರಲ್ಲಿ ನಡೆದ ಸಂಗತಿಗೆ 'ಸ್ವೇರಾನ್', ಊಹೆಗೆ 'ಜೀಶಿ' ಎಂದು ಪದಗಳೇ ಬೇರೆ. ನಮ್ಮಲ್ಲಿ ಎರಡಕ್ಕೂ ಒಂದೇ 'ರೂ'. 'ಪಾರ್ಟ್ಸು ತಡವಾಗಿ ಬಂದರೂ ಶುಕ್ರವಾರ ಕಳಿಸಿದೆವು' ಅಂದರೆ ತಡವಾದದ್ದು ನಿಜ. 'ಪಾರ್ಟ್ಸು ತಡವಾಗಿ ಬಂದರೂ ಶುಕ್ರವಾರ ಕಳಿಸುತ್ತೇವೆ' ಅಂದರೆ ಇನ್ನೂ ತಡವಾಗಿಲ್ಲ, ಆಗಬಹುದು ಅಷ್ಟೆ. ಮೊದಲ ಭಾಗ ಅಕ್ಷರ ಬಿಡದೆ ಒಂದೇ, ತೀರ್ಮಾನ ಹೇಳುವುದು ಕೊನೆಯ ಕ್ರಿಯಾಪದ. ಇಂಗ್ಲಿಷಿನಲ್ಲಿ ಅದನ್ನು ಮೊದಲ ಪದದಲ್ಲೇ ಹೇಳಿಬಿಡಬೇಕು. ಎರಡನೆಯದಕ್ಕೆ ಈವನ್ ದೋ ಬರೆದರೆ ಮೇಲ್ ಓದಿದವರು ಪಾರ್ಟ್ಸು ಆಗಲೇ ತಡವಾಗಿದೆ ಎಂದು ತಿಳಿದು ಬೇರೆ ಏರ್ಪಾಡಿಗೆ ಇಳಿಯುತ್ತಾರೆ. ಸಣ್ಣ ತಪ್ಪಲ್ಲ ಇದು.

'ಬಂದರೂ' ಎಂಬುದರ ಒಳಗೆ 'ಬಂದ' ಕೂತಿರುವುದರಿಂದ ಇನ್ನೊಂದು ತಪ್ಪೂ ಹುಟ್ಟುತ್ತದೆ: 'ಈವನ್ ಇಫ್ ದ ಪಾರ್ಟ್ಸ್ ಕೇಮ್ ಲೇಟ್, ವಿ ವಿಲ್ ಶಿಪ್'. ಮುಂದಿನ ಮಾತಿಗೆ ಅಲ್ಲಿ ವರ್ತಮಾನ ಕಾಲ ಬೇಕು, 'ಕಮ್ ಲೇಟ್' ಆಗಬೇಕು. ಪುಸ್ತಕದಲ್ಲಿ ಇದರ ಸುಳಿವೇ ಇಲ್ಲ.

ಸೇರುವವರು ಈ ಕೊರತೆಯನ್ನು ತಾವೇ ತುಂಬಿಕೊಳ್ಳಬಹುದು. ಬರೆಯುವ ಮೊದಲು ಕನ್ನಡ ವಾಕ್ಯಕ್ಕೆ 'ಒಂದು ವೇಳೆ' ಸೇರಿಸಿ ನೋಡಿ. 'ಒಂದು ವೇಳೆ ತಡವಾಗಿ ಬಂದರೂ ಕಳಿಸುತ್ತೇವೆ' ಸಲೀಸಾಗಿ ನಿಂತರೆ ಈವನ್ ಇಫ್. ನಿಲ್ಲದಿದ್ದರೆ ವಾಕ್ಯವನ್ನು ಎರಡು ತುಂಡು ಮಾಡಿ: 'ತಡವಾಗಿ ಬಂದವು. ಆದರೂ ಕಳಿಸಿದೆವು.' ಅರ್ಥ ಕೆಡದಿದ್ದರೆ ಈವನ್ ದೋ. ತೆಲುಗಿನವರೂ ತಮ್ಮ ಮಾತಿನಲ್ಲಿ ಹೀಗೆ ತುಂಡು ಮಾಡಿ ನೋಡಬಹುದು.

ಆರನೇ ತರಗತಿ ಹೌಎವರ್, ಅದರ ಚಿಹ್ನೆಗಳು: ಹಿಂದೆ ಪೂರ್ಣವಿರಾಮ ಅಥವಾ ಅರ್ಧವಿರಾಮ, ಮುಂದೆ ಅಲ್ಪವಿರಾಮ. ಹೇಳಬೇಕಾದದ್ದು ಇಷ್ಟೇ, ಅದಕ್ಕೆ 90 ನಿಮಿಷ ಜಾಸ್ತಿ. ಏಳನೆಯದು ಚೆನ್ನಾಗಿದೆ. 'ಆನ್ ದ ಕಾಂಟ್ರರಿ' ಹೋಲಿಕೆಗೆ ಅಲ್ಲ, ಹೇಳಿದ ಮಾತನ್ನು ತಳ್ಳಿಹಾಕಲು ಎಂಬುದನ್ನು ಒಂದೇ ಉದಾಹರಣೆಯಲ್ಲಿ ಮುಗಿಸುತ್ತಾರೆ. 'ಕೆಲಸ ಮುಗೀತಾ?' ಎಂದು ಕೇಳಿದರೆ ನಾವು 'ಎಲ್ಲಿ ಮುಗೀತು, ಇನ್ನೂ ಶುರುನೇ ಆಗಿಲ್ಲ' ಅನ್ನುತ್ತೇವಲ್ಲ, ಆ 'ಎಲ್ಲಿ'ಯ ಜಾಗ ಅದು. ಎರಡನ್ನು ಅಕ್ಕಪಕ್ಕ ಇಟ್ಟು ತೂಗುವಾಗ ಬೇಕಾದದ್ದು 'ಆನ್ ದ ಅದರ್ ಹ್ಯಾಂಡ್'.

ಕೊನೆಯ ತರಗತಿ ಮಾತಿಗೆ. ವಾಕ್ಯದ ತುದಿಯಲ್ಲಿ ಬರುವ 'ದೋ' ಇಲ್ಲಿ ಕಲಿಸುತ್ತಾರೆ, ಉದಾಹರಣೆ ಎಪಿಎಂಸಿಯಿಂದ: 'ದ ಟೊಮೆಟೋಸ್ ಆರ್ ಗುಡ್. ದ ಬಾಕ್ಸ್ ಈಸ್ ನಾಟ್ 15 ಕೆಜಿ, ದೋ.' ಹಣ್ಣು ಚೆನ್ನಾಗಿದೆ, ಆದರೆ ಬಾಕ್ಸು 15 ಕೆಜಿ ಇಲ್ಲ. ಕನ್ನಡದಲ್ಲಿ ಮುಂದೆ ಬರುವ 'ಆದರೆ' ಇಂಗ್ಲಿಷಿನಲ್ಲಿ ಕೊನೆಗೆ ಹೋಗಿ ಮೆತ್ತಗಾಗುತ್ತದೆ. ಆಕ್ಷೇಪವನ್ನು ಮುಖಕ್ಕೆ ಹೊಡೆದ ಹಾಗೆ ಹೇಳದಿರಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ಬ್ಯಾಚಿನಲ್ಲಿ ಹದಿನಾಲ್ಕು ಜನಕ್ಕಿಂತ ಹೆಚ್ಚು ಸೇರಿಸಿಕೊಳ್ಳುವುದಿಲ್ಲ, ಪ್ರತಿ ವಾರ ಬರೆದದ್ದನ್ನು ತಿದ್ದಿ ವಾಪಸು ಕೊಡುತ್ತಾರೆ. ಈ ಫೀಸಿಗೆ ಅದು ದೊಡ್ಡ ಮಾತು. ಪುಸ್ತಕದ ಹಿಂದಿನ ಉತ್ತರಗಳನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ: ಆಲ್ದೋ, ಈವನ್ ದೋ ಎರಡೂ ನಡೆಯುವ ಕಡೆ ಒಂದನ್ನೇ ಸರಿ ಎಂದು ಕೊಟ್ಟಿದ್ದಾರೆ. ಐದನೇ ಭಾನುವಾರ ನಿಮ್ಮ ಕೆಲಸದ ಜಾಗದಲ್ಲಿ ನಿಜವಾಗಿ ಆಡುವ 'ರೂ' ವಾಕ್ಯ ಹತ್ತನ್ನು ಬರೆದುಕೊಂಡು ಹೋಗಿ, ಹೌಎವರ್ ತರಗತಿಯ ಅರ್ಧ ಹೊತ್ತನ್ನು ಅದಕ್ಕೆ ಕೊಡಿ ಎಂದು ಮೇಷ್ಟ್ರನ್ನು ಕೇಳಿ.