ನಕ್ಷೆ ತಂತ್ರಾಂಶಕ್ಕೆ ವೈಲ್ಡ್‌ಕಾರ್ಡ್ ಸೇರಿಸುವುದು: ಶೆಲ್, ಸೆಟ್‌ಆರ್ಗ್‌ವಿ, ವರ್ಡ್‌ಎಕ್ಸ್‌ಪ್, ಗ್ಲಾಬ್ — ಒಂದು ಹೋಲಿಕೆ

‘*.ಟಿಫ್’ ಎಂದು ಟೈಪ್ ಮಾಡಿದಾಗ ಅದನ್ನು ಫೈಲ್ ಹೆಸರುಗಳಾಗಿ ಬಿಡಿಸುವವರು ಯಾರು? (ಇಲ್ಲಿ ನಕ್ಷತ್ರ ಎಂದರೆ ‘ಹೆಸರು ಏನಾದರೂ ಇರಲಿ’; ಇಂಥ ಚಿಹ್ನೆಯೇ ವೈಲ್ಡ್‌ಕಾರ್ಡ್.) ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಶೆಲ್, ಅಂದರೆ ಟೈಪ್ ಮಾಡಿದ ಕಮಾಂಡನ್ನು ಓದಿ ಓಡಿಸುವ ಪ್ರೋಗ್ರಾಂ. ಪ್ರೋಗ್ರಾಂ ಶುರುವಾಗುವ ಹೊತ್ತಿಗೆ ನಕ್ಷತ್ರ ಚಿಹ್ನೆ ಕಾಣೆಯಾಗಿ, ಹೆಸರುಗಳ ಸಾಲು ಮಾತ್ರ ಉಳಿದಿರುತ್ತದೆ. ವಿಂಡೋಸ್‌ನ ಸಿಎಂಡಿ ಈ ಕೆಲಸ ಮಾಡುವುದಿಲ್ಲ. ವಿಂಡೋಸ್‌ನ ಪವರ್‌ಶೆಲ್ ಕೂಡ ಹೊರಗಿನ ಪ್ರೋಗ್ರಾಂಗೆ ಚಿಹ್ನೆಯನ್ನು ಇದ್ದ ಹಾಗೆಯೇ ದಾಟಿಸುತ್ತದೆ. ಹಾಗಾಗಿ ನಕ್ಷೆ ಬಿಡಿಸುವ ಜಿಎಂಟಿ, ನಕ್ಷೆ ಫೈಲ್‌ಗಳನ್ನು ಓದಿ ಬದಲಾಯಿಸುವ ಜಿಡಿಎಎಲ್‌ನಂಥ ಕಮಾಂಡ್‌ಲೈನ್ ತಂತ್ರಾಂಶದಲ್ಲಿ ವೈಲ್ಡ್‌ಕಾರ್ಡ್ ಬೇಕು ಎಂಬ ಬೇಡಿಕೆ ಬಂದಾಗಲೆಲ್ಲ ‘ಅದು ಶೆಲ್‌ನ ಕೆಲಸ, ಬ್ಯಾಶ್ ಎಂಬ ಶೆಲ್ ಬಳಸಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರ ಅರ್ಧ ಮಾತ್ರ ಸರಿ.

ಶೆಲ್‌ಗೇ ಬಿಟ್ಟರೆ

ಹೆಸರುಗಳು ಆಪ್ಷನ್‌ಗಳಿಂದ ಬೇರೆಯಾಗಿ, ಸಾಲಾಗಿ ನಿಲ್ಲುವ ಕಡೆ ಶೆಲ್‌ನಷ್ಟು ಸಲೀಸು ಇನ್ನೊಂದಿಲ್ಲ. ಒಂದು ಸಾಲು ಕೋಡ್ ಬರೆಯಬೇಕಿಲ್ಲ. ಆದರೆ ಜಿಎಂಟಿಯಲ್ಲಿ ಆಪ್ಷನ್ ಅಕ್ಷರ ಮತ್ತು ಫೈಲ್ ಹೆಸರು ಅಂಟಿಕೊಂಡಿರುತ್ತವೆ. ಗ್ರಿಡ್‌ನಿಂದ ಬೇಕಾದ ಬಿಂದುಗಳ ಬೆಲೆ ತೆಗೆದುಕೊಡುವ ಗ್ರಿಡ್‌ಟ್ರ್ಯಾಕ್‌ಗೆ ‘-ಜಿ’ ಆಪ್ಷನ್‌ಗೇ ಅಂಟಿಸಿ ‘ಡೆಮ್_*.ಎನ್‌ಸಿ’ ಎಂದು ಬರೆದರೆ, ಬ್ಯಾಶ್ ಹುಡುಕುವುದು ‘-ಜಿಡೆಮ್_’ ಎಂದು ಶುರುವಾಗುವ ಫೈಲನ್ನು. ಅಂಥದ್ದು ಇರುವುದಿಲ್ಲ, ನಕ್ಷತ್ರ ಹಾಗೆಯೇ ಒಳಗೆ ಬರುತ್ತದೆ. ಒಂದು ವೇಳೆ ಬಿಡಿಸಿದ್ದರೂ ಪ್ರಯೋಜನವಿಲ್ಲ, ಏಕೆಂದರೆ ಪ್ರತಿ ಗ್ರಿಡ್‌ಗೂ ‘-ಜಿ’ ಮತ್ತೆ ಮತ್ತೆ ಬೇಕು. ಇಲ್ಲಿ ಬ್ಯಾಶ್ ಬಳಸುವವರಿಗೂ ಶೆಲ್ ಕೈಕೊಡುತ್ತದೆ.

ಎರಡನೆಯ ತೊಡಕು ಕಮಾಂಡ್‌ನ ಉದ್ದಕ್ಕೆ ಸಂಬಂಧಿಸಿದ್ದು. ಲಿನಕ್ಸ್‌ನಲ್ಲಿ ಆರ್ಗ್ಯುಮೆಂಟ್‌ಗಳಿಗೆ (ಪ್ರೋಗ್ರಾಂಗೆ ದಾಟಿಸುವ ಹೆಸರು, ಆಪ್ಷನ್‌ಗಳಿಗೆ) ಸಿಗುವ ಜಾಗ ಸ್ಟ್ಯಾಕ್ ಎಂಬ ಮೆಮೊರಿ ಭಾಗದ ಮಿತಿಯ ನಾಲ್ಕನೇ ಒಂದು ಭಾಗ; ಸಾಮಾನ್ಯ 8 ಎಂಬಿ ಸ್ಟ್ಯಾಕ್ ಇದ್ದರೆ 2 ಎಂಬಿ. ಸಾಲದೇನು ಅನ್ನಿಸಬಹುದು. ಕೋಪರ್ನಿಕಸ್ 30 ಮೀಟರ್ ಡೆಮ್‌ನ (ಭೂಮಿಯ ಎತ್ತರದ ದತ್ತಾಂಶ) ಒಂದು ಟೈಲ್ ಹೆಸರು 44 ಅಕ್ಷರ, ಅದನ್ನಿಟ್ಟ ಫೋಲ್ಡರ್‌ನ ಹೆಸರು 40 ಅಕ್ಷರ. ನಡುವಿನ ಓರೆಗೆರೆ, ಕೊನೆಯ ಶೂನ್ಯ ಬೈಟ್, 8 ಬೈಟ್‌ನ ಪಾಯಿಂಟರ್ ಸೇರಿ ಒಂದು ಟೈಲ್‌ಗೆ 94 ಬೈಟ್. ಭಾಗಿಸಿದರೆ ಸುಮಾರು 22,300 ಟೈಲ್‌ಗೆ ಜಾಗ ಮುಗಿಯುತ್ತದೆ, ಅದೂ ಪರಿಸರ ಚರಗಳ ಪಾಲನ್ನು ಕಳೆಯುವ ಮೊದಲು. ಇಡೀ ಭೂಮಿಯ ಸೆಟ್‌ನಲ್ಲಿ ಇರುವುದು 26 ಸಾವಿರಕ್ಕೂ ಹೆಚ್ಚು. ‘ಆರ್ಗ್ಯುಮೆಂಟ್ ಲಿಸ್ಟ್ ಟೂ ಲಾಂಗ್’ ಎಂಬ ದೂರು ಬರುವುದು ಇದರಿಂದ, ಮತ್ತು ಆ ದೂರು ಪ್ರೋಗ್ರಾಂನದಲ್ಲ, ಅದು ಶುರುವೇ ಆಗಿರುವುದಿಲ್ಲ.

ಹೊಂದುವ ಫೈಲೇ ಇಲ್ಲದಾಗ ಶೆಲ್‌ಗಳ ನಡತೆಯೂ ಬೇರೆ ಬೇರೆ. ಝಡ್‌ಶೆಲ್ ಅಲ್ಲೇ ನಿಲ್ಲಿಸುತ್ತದೆ. ಬ್ಯಾಶ್ ಚಿಹ್ನೆಯನ್ನೇ ಹೆಸರೆಂದು ದಾಟಿಸುತ್ತದೆ. ಬ್ಯಾಶ್‌ನಲ್ಲೇ ನಲ್‌ಗ್ಲಾಬ್ ಹಾಕಿದ್ದರೆ ಆರ್ಗ್ಯುಮೆಂಟೇ ಮಾಯವಾಗುತ್ತದೆ. ಈ ಮೂರನೆಯದು ಅಪಾಯದ್ದು: ಫೈಲ್ ಕೊಡದಿದ್ದರೆ ಸ್ಟ್ಯಾಂಡರ್ಡ್ ಇನ್‌ಪುಟ್ (ಸಾಮಾನ್ಯವಾಗಿ ಕೀಬೋರ್ಡ್) ಓದುವ ಪ್ರೋಗ್ರಾಂ ಸದ್ದಿಲ್ಲದೆ ಕಾಯುತ್ತಾ ಕೂರುತ್ತದೆ.

ಸೆಟ್‌ಆರ್ಗ್‌ವಿ: ಅಗ್ಗದ ದಾರಿ

ವಿಂಡೋಸ್‌ನ ವಿಷುವಲ್ ಸಿ ಕಂಪೈಲರ್ ಜೊತೆ ಸೆಟ್‌ಆರ್ಗ್‌ವಿ ಎಂಬ ಆಬ್ಜೆಕ್ಟ್ ಫೈಲ್ ಬರುತ್ತದೆ. ಲಿಂಕ್ ಮಾಡುವಾಗ ಅದನ್ನು ಸೇರಿಸಿದರೆ ಸಾಕು, ಪ್ರೋಗ್ರಾಂನ ಮೇನ್ ಫಂಕ್ಷನ್ ಶುರುವಾಗುವ ಮೊದಲೇ ‘*’ ಮತ್ತು ‘?’ ಬಿಡಿಸಿರುತ್ತದೆ. ಮಿಂಗ್‌ಡಬ್ಲ್ಯೂನ ರನ್‌ಟೈಮ್‌ನಲ್ಲೂ ಇಂಥದೇ ಸೌಲಭ್ಯವಿದೆ. ಅರ್ಧ ಗಂಟೆಯ ಕೆಲಸ, ಮೂಲ ಕೋಡ್ ಮುಟ್ಟಬೇಕಿಲ್ಲ.

ಸಿಗುವುದು ಮಾತ್ರ ಶೆಲ್‌ನ ಕಳಪೆ ನಕಲು. ಅಂಟಿದ ಆಪ್ಷನ್‌ಗಳ ಸಮಸ್ಯೆ ಹಾಗೆಯೇ ಉಳಿಯುತ್ತದೆ, ಜೊತೆಗೆ ವಿಂಡೋಸ್‌ನದೇ ಎರಡು ಕಿರಿಕಿರಿಗಳು. ಒಂದು, ಡಿಸ್ಕ್‌ನಲ್ಲಿ ಹಳೆಯ 8.3 ಮಾದರಿಯ ಕಿರುಹೆಸರುಗಳು ಚಾಲ್ತಿಯಲ್ಲಿದ್ದರೆ ‘*.ಟಿಫ್’ ಎಂದದ್ದಕ್ಕೆ ಎರಡು ‘ಎಫ್’ ಇರುವ ವಿಸ್ತರಣೆಯ ಫೈಲ್‌ಗಳೂ ಬಂದು ಕೂರುತ್ತವೆ, ಯಾಕೆಂದರೆ ಅವುಗಳ ಕಿರುಹೆಸರಿನಲ್ಲಿ ಇರುವುದು ಮೂರೇ ಅಕ್ಷರ. ಎರಡು, ಸಾದಾ ಸೆಟ್‌ಆರ್ಗ್‌ವಿ ಹೆಸರುಗಳನ್ನು ಹಳೆಯ ಕೋಡ್‌ಪೇಜ್‌ನಲ್ಲಿ (ಕೆಲವೇ ಲಿಪಿಗಳ ಅಕ್ಷರಗಳಿರುವ ಪಟ್ಟಿಯಲ್ಲಿ) ನೋಡುತ್ತದೆ. ಆ ಕೋಡ್‌ಪೇಜ್‌ನಲ್ಲಿ ಇಲ್ಲದ ಲಿಪಿಯ ಅಕ್ಷರಗಳು ‘?’ ಆಗಿಬಿಡುತ್ತವೆ, ಆ ‘?’ ಮತ್ತೆ ವೈಲ್ಡ್‌ಕಾರ್ಡ್! ಅಷ್ಟೇ ಉದ್ದದ ಬೇರೆ ಫೈಲ್ ತೆರೆದುಕೊಂಡರೆ ಬಳಕೆದಾರ ಕಾರಣ ಹುಡುಕಿ ಹೈರಾಣಾಗುತ್ತಾನೆ. ಅಗಲ ಅಕ್ಷರಗಳ ಡಬ್ಲ್ಯೂಸೆಟ್‌ಆರ್ಗ್‌ವಿ ಮತ್ತು ಡಬ್ಲ್ಯೂಮೇನ್ ಜೋಡಿ ಬಳಸಿ, ಇಲ್ಲವೇ ವಿಂಡೋಸ್ 10ರ 1903 ಆವೃತ್ತಿಯಿಂದೀಚೆಗೆ ಮ್ಯಾನಿಫೆಸ್ಟ್‌ನಲ್ಲಿ ಯುಟಿಎಫ್-8 ಘೋಷಿಸಿ.

ವರ್ಡ್‌ಎಕ್ಸ್‌ಪ್: ಬೇಡ

ಯುನಿಕ್ಸ್ ಮಾದರಿ ವ್ಯವಸ್ಥೆಗಳ ಮಾನದಂಡವಾದ ಪೊಸಿಕ್ಸ್‌ನ ವರ್ಡ್‌ಎಕ್ಸ್‌ಪ್ ಫಂಕ್ಷನ್ ಟಿಲ್ಡೆ (~), ಚರ, ವೈಲ್ಡ್‌ಕಾರ್ಡ್ ಎಲ್ಲವನ್ನೂ ಬಿಡಿಸುತ್ತದೆ. ತಡೆಯುವ ಫ್ಲ್ಯಾಗ್ ಕೊಡದಿದ್ದರೆ ಹೆಸರಿನೊಳಗೆ ಅಡಗಿದ ಕಮಾಂಡನ್ನೂ ಓಡಿಸುತ್ತದೆ. ಹೆಸರಿನಲ್ಲಿ ಖಾಲಿ ಜಾಗವಿದ್ದರೆ ಎರಡಾಗಿ ಒಡೆಯುತ್ತದೆ, ಆವರಣ ಚಿಹ್ನೆ ಕಂಡರೆ ದೋಷ ಎನ್ನುತ್ತದೆ. ಮಸಲ್ ಎಂಬ ಸಿ ಲೈಬ್ರರಿಯಲ್ಲಿ ಅದು ಒಳಗಿಂದೊಳಗೆ ಶೆಲ್ಲನ್ನೇ ಕರೆಯುತ್ತದೆ, ಓಪನ್‌ಬಿಎಸ್‌ಡಿಯಲ್ಲಿ ಇಲ್ಲವೇ ಇಲ್ಲ. ಫೈಲ್ ಹೆಸರು ಬಿಡಿಸಲು ಇಷ್ಟೆಲ್ಲ ತಾಪತ್ರಯ ಯಾಕೆ?

ಗ್ಲಾಬ್, ಮತ್ತು ಅದರ ಅಂಚುಗಳು

ಉಳಿದದ್ದು ಪ್ರೋಗ್ರಾಂ ಒಳಗೆ, ವೈಲ್ಡ್‌ಕಾರ್ಡನ್ನು ಫೈಲ್ ಹೆಸರುಗಳಾಗಿ ಬಿಡಿಸುವ ಗ್ಲಾಬ್ ಫಂಕ್ಷನ್ ಕರೆಯುವುದು. ನಮ್ಮ ಆಯ್ಕೆ ಇದೇ. ಎಲ್ಲಿ ಫೈಲ್ ಹೆಸರು ಬರಬೇಕೆಂದು ಪ್ರೋಗ್ರಾಂಗೆ ಮಾತ್ರ ಗೊತ್ತು, ಹಾಗಾಗಿ ಆಪ್ಷನ್ ಅಕ್ಷರವನ್ನು ಕಳಚಿ ಹೆಸರಿನ ಭಾಗವನ್ನಷ್ಟೇ ಬಿಡಿಸಬಹುದು. ಆರ್ಗ್ಯುಮೆಂಟ್ ಮಿತಿ ಅಡ್ಡ ಬರುವುದಿಲ್ಲ, ಯಾಕೆಂದರೆ ಬಂದಿರುವುದು ಕೋಟ್ಸ್ ಒಳಗಿನ ಒಂದೇ ಚಿಹ್ನೆ. ಸಾದಾ ನಕ್ಷತ್ರ, ಚುಕ್ಕಿಯಿಂದ ಶುರುವಾಗುವ ಹೆಸರನ್ನು ಬಿಟ್ಟುಬಿಡುವುದೂ ಒಳ್ಳೆಯದೇ: ಮ್ಯಾಕ್‌ನಲ್ಲಿ ಬಳಸಿದ ಎಕ್ಸ್‌ಫ್ಯಾಟ್ ಡಿಸ್ಕ್‌ಗಳಲ್ಲಿ ಟಿಫ್ ಜೊತೆ ‘._’ ಎಂದು ಶುರುವಾಗುವ ನೆರಳು ಫೈಲ್ ಇರಬಹುದು. ಫೋಲ್ಡರ್ ತೆರೆಯುವ ಓಪನ್‌ಡಿರ್ ಜೊತೆ ಹೆಸರು ಹೋಲಿಸುವ ಎಫ್‌ಎನ್‌ಮ್ಯಾಚ್ ಸೇರಿಸಿ ಸ್ವಂತ ಹುಡುಕಾಟ ಬರೆಯುವವರು ಚುಕ್ಕಿಯ ಫ್ಲ್ಯಾಗ್ ಮರೆತರೆ ಈ ನೆರಳುಗಳೆಲ್ಲ ಒಳಗೆ ಬಂದು, ‘ಈ ಫೈಲ್ ಮಾದರಿ ಗೊತ್ತಿಲ್ಲ’ ಎಂಬ ದೂರಿಗೆ ದಾರಿಯಾಗುತ್ತದೆ.

ನಿಜವಾದ ಇಕ್ಕಟ್ಟು ಚಿಹ್ನೆಗಳದ್ದು. ಜಿಎಂಟಿಯಲ್ಲಿ ನೆಟ್‌ಸಿಡಿಎಫ್ ಫೈಲ್‌ನ (ಇದರಲ್ಲಿ ಹಲವು ಚರ, ಪದರಗಳಿರಬಹುದು) ಒಂದು ಚರವನ್ನು ಆರಿಸಲು ಫೈಲ್ ಹೆಸರಿನ ಕೊನೆಗೆ ‘?’, ಆಮೇಲೆ ಚರದ ಹೆಸರು, ಪದರ ಬೇಕಿದ್ದರೆ ಚೌಕ ಆವರಣದಲ್ಲಿ ಸಂಖ್ಯೆ ಬರೆಯಬೇಕು. ಕಡಲ ತಾಪದ ಕ್ಯೂಬ್ ಒಂದರಲ್ಲಿ ಸೂಚ್ಯಂಕ 2ರ ಪದರ ಬೇಕೆಂದರೆ ‘ಕಡಲು.ಎನ್‌ಸಿ?ತಾಪ[2]’ ಎಂದಾಗುತ್ತದೆ. ಗ್ಲಾಬ್ ಕಣ್ಣಿಗೆ ಇದರಲ್ಲಿ ಎರಡು ವೈಲ್ಡ್‌ಕಾರ್ಡ್‌ಗಳಿವೆ! ‘ಕಡಲು.ಎನ್‌ಸಿ_ತಾಪ2’ ಎಂಬ ಫೈಲ್ ಪಕ್ಕದಲ್ಲಿದ್ದರೆ ಅದನ್ನೇ ಎತ್ತಿಕೊಡುತ್ತದೆ. ಜಿಡಿಎಎಲ್ ಕಡೆ ವೆಬ್ ವಿಳಾಸಗಳಲ್ಲೂ ‘?’ ಇರುತ್ತದೆ. ಹಾಗಾಗಿ ಇಂಥ ತಂತ್ರಾಂಶದಲ್ಲಿ ನಕ್ಷತ್ರವನ್ನು ಮಾತ್ರ ವೈಲ್ಡ್‌ಕಾರ್ಡ್ ಎಂದು ಒಪ್ಪಿ, ಉಳಿದೆರಡನ್ನು ಕೈಬಿಡುವುದು ಸರಿ. ಶುದ್ಧಾಂತಃಕರಣದ ಯುನಿಕ್ಸ್ ಭಕ್ತರು ಮುನಿಸಿಕೊಳ್ಳಬಹುದು.

ಕೋಡ್‌ನಲ್ಲಿ ಈ ಕ್ರಮ ಹಿಡಿಯಿರಿ. ಮೊದಲು ಕೊಟ್ಟ ಹೆಸರು ಹಾಗೆಯೇ ಫೈಲ್ ಆಗಿ ಇದೆಯೇ ನೋಡಿ. ಇದ್ದರೆ ಮುಗಿಯಿತು, ಹೆಸರಿನಲ್ಲಿ ಏನೇ ಚಿಹ್ನೆ ಇರಲಿ. ಇಲ್ಲದಿದ್ದರೆ ‘?’ ಅಥವಾ ‘=’ (ಜಿಎಂಟಿಯಲ್ಲಿ ಫೈಲ್ ಮಾದರಿ ಹೇಳುವ ಚಿಹ್ನೆ) ಸೇರಿಸಿ ಮುಂದಿನ ಬಾಲವನ್ನು ಕತ್ತರಿಸಿಟ್ಟುಕೊಳ್ಳಿ. ಉಳಿದ ಭಾಗದಲ್ಲಿ ನಕ್ಷತ್ರವಿಲ್ಲದಿದ್ದರೆ ಹಳೆಯ ಪಾರ್ಸರ್‌ಗೇ ಕೊಟ್ಟುಬಿಡಿ. ಇದ್ದರೆ ಚೌಕ ಆವರಣಗಳ ಹಿಂದೆ ಬ್ಯಾಕ್‌ಸ್ಲ್ಯಾಶ್ ಹಾಕಿ ಗ್ಲಾಬ್‌ಗೆ ಕಳಿಸಿ, ಬಂದ ಪ್ರತಿ ಹೆಸರಿಗೂ ಕತ್ತರಿಸಿಟ್ಟ ಬಾಲವನ್ನು ಮತ್ತೆ ಅಂಟಿಸಿ. ಹೀಗೆ ಮಾಡಿದರೆ ‘*.ಎನ್‌ಸಿ?ತಾಪ’ ಎಂದು ಬರೆದವರಿಗೂ ನ್ಯಾಯ ಸಿಗುತ್ತದೆ. ಶೆಲ್‌ನ ಬರಿಯ ವೈಲ್ಡ್‌ಕಾರ್ಡ್‌ನಿಂದ ಇದು ಆಗುವುದಿಲ್ಲ. ಕೊನೆಗೆ ಗ್ಲಾಬ್‌ಫ್ರೀ ಕರೆಯುವುದನ್ನು ಮರೆಯಬೇಡಿ. ಓದಲು ಅನುಮತಿ ಇಲ್ಲದ ಫೋಲ್ಡರನ್ನು ಗ್ಲಾಬ್ ಸುಮ್ಮನೆ ದಾಟಿ ಹೋಗುತ್ತದೆ, ಆದ್ದರಿಂದ ದೋಷ ತಿಳಿಸುವ ಕಾಲ್‌ಬ್ಯಾಕ್ ಕೊಡುವುದು ಮೇಲು. ಸುರುಳಿ ಆವರಣ ಬಿಡಿಸುವ ಬ್ರೇಸ್ ಫ್ಲ್ಯಾಗ್ ಹೆಚ್ಚಿನ ಲಿನಕ್ಸ್‌ಗಳ ಸಿ ಲೈಬ್ರರಿಯಾದ ಗ್ಲಿಬ್‌ಸಿಯಲ್ಲಿದೆ, ಮಸಲ್‌ನಲ್ಲಿಲ್ಲ. ಅದನ್ನು ಬಳಸಿದರೆ ಮಸಲ್ ಇರುವ ಆಲ್ಪೈನ್ ಲಿನಕ್ಸ್‌ನಲ್ಲಿ ಕಂಪೈಲ್ ಆಗುವುದಿಲ್ಲ.

ವಿಂಡೋಸ್‌ನಲ್ಲಿ ಗ್ಲಾಬ್ ಇಲ್ಲ. ಫೈಂಡ್‌ಫಸ್ಟ್‌ಫೈಲ್‌ನ ಅಗಲ ಅಕ್ಷರದ ರೂಪ ಬಳಸಿ ಪುಟ್ಟ ಬದಲಿ ಬರೆಯಬೇಕು. ಅದಕ್ಕೆ ಸಾದಾ ‘*’ ಕೊಟ್ಟು ಫೋಲ್ಡರ್‌ನ ಎಲ್ಲ ಹೆಸರು ತರಿಸಿ, ಹೋಲಿಕೆಯನ್ನು ನೀವೇ ಮಾಡಿದರೆ 8.3ರ ಕಾಟ ತಪ್ಪುತ್ತದೆ. ಅದು ಕೊಡುವುದು ಬರಿಯ ಹೆಸರು. ಫೋಲ್ಡರ್ ಹಾದಿಯನ್ನು ಮುಂದೆ ಸೇರಿಸಬೇಕು. ಹಾದಿಯ ಕೊನೆಯ ತುಂಡಿನಲ್ಲಷ್ಟೇ ನಕ್ಷತ್ರ ಒಪ್ಪುತ್ತದೆ ಎಂಬುದೂ ನೆನಪಿರಲಿ.

ಜಿಪ್ ಒಳಗಿನ ಅಥವಾ ಕ್ಲೌಡ್ ಬಕೆಟ್‌ನ ಫೈಲ್‌ಗಳಿಗೆ ವ್ಯವಸ್ಥೆಯ ಗ್ಲಾಬ್ ಕುರುಡು. ಜಿಡಿಎಎಲ್ ಮೇಲೆ ಕಟ್ಟಿದ ತಂತ್ರಾಂಶವಾದರೆ 3.11ರಿಂದ ಬಂದಿರುವ ವಿಎಸ್‌ಐಗ್ಲಾಬ್ ಬಳಸಿ. ಅದು ವರ್ಚುವಲ್ ಫೈಲ್ ವ್ಯವಸ್ಥೆಗಳ ಒಳಗೂ ಹುಡುಕುತ್ತದೆ.

ಕ್ರಮ ತಪ್ಪಿದರೆ ನಕ್ಷೆಯೇ ಬೇರೆ

ಹೆಚ್ಚಿನವರು ಲಕ್ಷ್ಯ ಕೊಡದ ಜಾಗ ಇದು. ಹಲವು ರಾಸ್ಟರ್‌ಗಳನ್ನು (ಚೌಕಗಳ ಜಾಲದಂಥ ಚಿತ್ರ ಫೈಲ್‌ಗಳನ್ನು) ಒಂದಾಗಿ ಜೋಡಿಸುವ ಜಿಡಿಎಎಲ್‌ಬಿಲ್ಡ್‌ವಿಆರ್‌ಟಿಯಲ್ಲಿ ಎರಡು ರಾಸ್ಟರ್ ಒಂದರ ಮೇಲೊಂದು ಬಿದ್ದರೆ ಪಟ್ಟಿಯಲ್ಲಿ ಕೊನೆಗೆ ಬಂದದ್ದು ಗೆಲ್ಲುತ್ತದೆ. ಗ್ರಿಡ್‌ಟ್ರ್ಯಾಕ್‌ನಲ್ಲಿ ಪ್ರತಿ ಗ್ರಿಡ್‌ಗೆ ಒಂದು ಕಾಲಂ, ಗ್ರಿಡ್ ಕೊಟ್ಟ ಕ್ರಮದಲ್ಲೇ. ಕ್ರಮ ಬದಲಾದರೆ ಒಂದಕ್ಷರ ದೂರಿಲ್ಲದೆ ಕಾಲಂಗಳು ಅದಲುಬದಲು. ಫೋಲ್ಡರ್‌ನ ಹೆಸರುಗಳನ್ನು ಓದಿಕೊಡುವ ರೀಡ್‌ಡಿರ್ ಯಾವ ಕ್ರಮದ ಭರವಸೆಯನ್ನೂ ಕೊಡುವುದಿಲ್ಲ: ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕ್‌ನಲ್ಲಿ ಅಕ್ಷರಾನುಕ್ರಮ ಸಿಕ್ಕರೆ ಲಿನಕ್ಸ್‌ನ ಎಕ್ಸ್ಟ್4ನಲ್ಲಿ ಹ್ಯಾಶ್ ಕ್ರಮ, ಅಂದರೆ ನೋಡಲು ಚೆಲ್ಲಾಪಿಲ್ಲಿ. ಪೈಥಾನ್‌ನ ಗ್ಲಾಬ್ ಮಾಡ್ಯೂಲ್ ಕೂಡ ಸಾರ್ಟ್ ಮಾಡುವುದಿಲ್ಲ. ಸಿ ಗ್ಲಾಬ್ ಮಾಡುತ್ತದೆ, ಆದರೆ ಗ್ಲಿಬ್‌ಸಿಯಲ್ಲಿ ಲೊಕೇಲ್ (ಬಳಕೆದಾರರ ಭಾಷೆ, ಪ್ರದೇಶದ ಸೆಟ್ಟಿಂಗ್) ನಿಯಮದಂತೆ. ಇಬ್ಬರ ಲೊಕೇಲ್ ಬೇರೆಯಾದರೆ ಇಬ್ಬರ ನಕ್ಷೆಯೂ ಬೇರೆ. ಹಾಗಾಗಿ ಎಲ್ಲ ವ್ಯವಸ್ಥೆಯಲ್ಲೂ ಸ್ಟ್ರಿಂಗ್‌ಕಂಪೇರ್‌ನಿಂದ ಬೈಟ್ ಕ್ರಮದಲ್ಲಿ ಮತ್ತೊಮ್ಮೆ ಸಾರ್ಟ್ ಮಾಡಿ. ‘ಟೈಲ್_10’ ಆಗ ‘ಟೈಲ್_2’ಕ್ಕಿಂತ ಮೊದಲು ಬರುತ್ತದೆ, ಬರಲಿ, ಸೊನ್ನೆ ಸೇರಿಸಿ ಹೆಸರಿಡುವಂತೆ ಕೈಪಿಡಿಯಲ್ಲಿ ಬರೆದರಾಯಿತು.

ಇನ್ನೊಂದು ಸಾಮಾನ್ಯ ಎಡವಟ್ಟು: ಔಟ್‌ಪುಟ್ ಕೂಡ ಅದೇ ಫೋಲ್ಡರ್‌ನಲ್ಲಿ ಅದೇ ವಿಸ್ತರಣೆಯಲ್ಲಿದ್ದರೆ, ಎರಡನೇ ಸಲ ಓಡಿಸಿದಾಗ ಅದೇ ಇನ್‌ಪುಟ್ ಆಗಿ ಒಳಬರುತ್ತದೆ. ಬಿಡಿಸಿದ ಪಟ್ಟಿಯಿಂದ ಔಟ್‌ಪುಟ್‌ನ ಹೆಸರನ್ನು ಕಿತ್ತುಹಾಕಿ, ಹಾಗೆ ಮಾಡಿದ್ದನ್ನು ಒಂದು ಸಾಲಿನಲ್ಲಿ ತಿಳಿಸಿ.

ಪಟ್ಟಿ ಫೈಲ್ ಜೊತೆಗಿರಲಿ

ಇನ್ನೊಂದು ದಾರಿ, ಹೆಸರುಗಳನ್ನು ಸಾಲಿಗೊಂದರಂತೆ ಬರೆದಿಟ್ಟ ಫೈಲನ್ನೇ ಪ್ರೋಗ್ರಾಂಗೆ ಕೊಡುವುದು. ಜಿಡಿಎಎಲ್‌ಬಿಲ್ಡ್‌ವಿಆರ್‌ಟಿಯ ಇನ್‌ಪುಟ್ ಫೈಲ್ ಲಿಸ್ಟ್ ಆಪ್ಷನ್, ಗ್ರಿಡ್‌ಟ್ರ್ಯಾಕ್‌ನ ‘+ಎಲ್’ ಇದೇ ಜಾತಿಯವು. ಕ್ರಮ ನಿಮ್ಮ ಕೈಯಲ್ಲಿ, ಮಿತಿ ಇಲ್ಲ, ಚಿಹ್ನೆಗಳ ಜಗಳವಿಲ್ಲ. ಒಂದು ಹೆಜ್ಜೆ ಹೆಚ್ಚು ಅಷ್ಟೆ. ಸಾವಿರಾರು ಟೈಲ್‌ಗಳ ಕೆಲಸಕ್ಕೆ ವೈಲ್ಡ್‌ಕಾರ್ಡ್‌ಗಿಂತ ಇದೇ ನಂಬಿಕಸ್ಥ. ಆದರೆ ವಿಂಡೋಸ್‌ನಲ್ಲಿ ಮಾಡಿದ ಪಟ್ಟಿಯನ್ನು ಲಿನಕ್ಸ್‌ನಲ್ಲಿ ಓದಿದರೆ ಸಾಲಿನ ಕೊನೆಗೆ ವಿಂಡೋಸ್ ಸೇರಿಸುವ, ಕಣ್ಣಿಗೆ ಕಾಣದ ಕ್ಯಾರೇಜ್ ರಿಟರ್ನ್ ಅಕ್ಷರ ಹೆಸರಿಗೇ ಅಂಟಿ, ಕಣ್ಣೆದುರಿರುವ ಫೈಲ್ ‘ಸಿಗಲಿಲ್ಲ’ ಎಂದಾಗುತ್ತದೆ. ಪವರ್‌ಶೆಲ್ 5.1ರಲ್ಲಿ ‘>’ ಬಳಸಿ ಬರೆದ ಪಟ್ಟಿ ಯುಟಿಎಫ್-16ರಲ್ಲಿರುತ್ತದೆ. ಓದುವ ಕೋಡ್ ಸಾಲಿನ ಕೊನೆಯ ಕ್ಯಾರೇಜ್ ರಿಟರ್ನ್ ಕತ್ತರಿಸಲಿ. ಮೊದಲ ಎರಡು ಬೈಟ್ ಬೈಟ್‌ಕ್ರಮದ ಗುರುತಾಗಿದ್ದರೆ ‘ಪಟ್ಟಿಯನ್ನು ಯುಟಿಎಫ್-8ರಲ್ಲಿ ಉಳಿಸಿ’ ಎಂದು ನೇರವಾಗಿ ಹೇಳಲಿ.

ಪ್ಯಾಚ್ ಕಳಿಸುವ ಮೊದಲು ಪರೀಕ್ಷೆಗೆ ಒಂದು ಫೋಲ್ಡರ್ ಮಾಡಿಕೊಳ್ಳಿ: ಹೆಸರಿನಲ್ಲಿ ಖಾಲಿ ಜಾಗವಿರುವ ಒಂದು ಫೈಲ್, ‘ಡೆಮ್[1]’ ಮತ್ತು ‘ಡೆಮ್1’ ಎರಡೂ, ದೊಡ್ಡಕ್ಷರದ ವಿಸ್ತರಣೆಯದ್ದೊಂದು, ‘._’ನಿಂದ ಶುರುವಾಗುವುದೊಂದು, ಟಿಫ್ ವಿಸ್ತರಣೆಯ ಹೆಸರಿನ ಒಂದು ಫೋಲ್ಡರ್, ಮತ್ತು ಎಲ್ಲಿಗೂ ತಲುಪದ ಒಂದು ಸಿಂಬಾಲಿಕ್ ಲಿಂಕ್.