ತೂಕದ ಕಾಟಾಕ್ಕೆ ಹಾಕಿಸದೆ ಕ್ಯಾಂಪಿಂಗ್ ಟ್ರೇಲರಿಗೆ ದುಡ್ಡು ಕೊಡಬೇಡಿ

ಕಾರಿನ ಹಿಂದೆ ಕಟ್ಟಿದ್ದ ನನ್ನ ಕ್ಯಾಂಪಿಂಗ್ ಟ್ರೇಲರ್ ಓಲಾಡಿ ಕಾರನ್ನೇ ರಸ್ತೆಗೆ ಅಡ್ಡ ತಿರುಗಿಸಿದಾಗ ನನಗೆ ಗಾಯವಾಗಲಿಲ್ಲ, ಬೇರೆ ಯಾರಿಗೂ ಆಗಲಿಲ್ಲ. ಆ ಹತ್ತು ಸೆಕೆಂಡಿನಲ್ಲಿ ಎದುರಿನಿಂದ ಒಂದು ಬೈಕೂ ಬರಲಿಲ್ಲ, ಅದಕ್ಕೇ ಎಲ್ಲರೂ ಉಳಿದೆವು. ಕಳೆದ ತಿಂಗಳು ನನ್ನ ಪರಿಚಯದ ಇಬ್ಬರು ಸಣ್ಣ ಕ್ಯಾಂಪಿಂಗ್ ಟ್ರೇಲರ್ ಕೊಳ್ಳುವ ಮಾತೆತ್ತಿದರು. ಇಬ್ಬರೂ ಒಬ್ಬೊಬ್ಬರೇ ತಿರುಗಾಡುವವರು. ಅವರಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ನಾನು ಧಾರವಾಡದವಳು, ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಹಕ್ಕಿ ನೋಡುವುದು ನನ್ನ ಹಳೆಯ ಹವ್ಯಾಸ. ಶಿರಹಟ್ಟಿ ಹತ್ತಿರದ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಆ ಕೆರೆ 2024ರಲ್ಲಿ, ಜಗತ್ತಿನ ಮಹತ್ವದ ಕೆರೆ-ಜೌಗುಗಳನ್ನು ಗುರುತಿಸುವ ರಾಮ್ಸರ್ ಪಟ್ಟಿಗೂ ಸೇರಿತು. ಸೂರ್ಯ ಹುಟ್ಟುವ ಮೊದಲೇ ಅಲ್ಲಿರಬೇಕೆಂದರೆ ರಾತ್ರಿ ಹತ್ತಿರದಲ್ಲೇ ಉಳಿಯಬೇಕು. ಹೆಂಗಸು ಒಬ್ಬಳೇ ಬಂದಿದ್ದಾಳೆ ಅಂದರೆ ಲಾಡ್ಜಿನ ಕೌಂಟರಿನಲ್ಲಿ ಎಂಥ ಪ್ರಶ್ನೆ ಕೇಳುತ್ತಾರೆ ಅನ್ನುವುದು ಒಬ್ಬರೇ ತಿರುಗುವ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ಟೆಂಟಿನಲ್ಲಿ ಬಗ್ಗಿ ಏಳಲು ನನ್ನ ಮೊಣಕಾಲು ಒಪ್ಪುವುದಿಲ್ಲ. ಕೆರೆಯ ಆಚೆ ಪರಿಚಯದ ರೈತರೊಬ್ಬರು, "ನಮ್ಮ ಕಣದಾಗ ನಿಲ್ಲಸ್ರಿ, ಮನಿಯಾಗಿಂದ ರೊಟ್ಟಿ ಕಳಸ್ತೀವಿ" ಎಂದಿದ್ದರು. ಹಾಗಾಗಿ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ, ಒಬ್ಬರು ಮಲಗುವಷ್ಟು ಸಣ್ಣ ಗೂಡು ನನಗೆ ಬೇಕಾಗಿತ್ತು.

ಹುಬ್ಬಳ್ಳಿಯ ಒಂದು ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಅಂಥದ್ದು ಸಿಕ್ಕಿತು. ಹೆಸರು ಬರೆಯುವುದಿಲ್ಲ, ದೂರು ನಡೆಯುತ್ತಿದೆ. ನೋಡಲು ಬಹಳ ಚಂದ ಇತ್ತು. ಒಳಗೆ ಹಾಸಿಗೆ, ಓದಲು ದೀಪ, ಸಣ್ಣ ಫ್ಯಾನು. ಹಿಂದಿನ ಬಾಗಿಲು ಮೇಲೆತ್ತಿದರೆ ಅಡುಗೆಕಟ್ಟೆ, ಅದರ ಕೆಳಗೆ 80 ಲೀಟರಿನ ನೀರಿನ ಟ್ಯಾಂಕು, ಪಕ್ಕದಲ್ಲಿ ದೊಡ್ಡ ಬ್ಯಾಟರಿ. ನಾನು ಹಾಸಿಗೆ ಒತ್ತಿ ನೋಡಿದೆ, ಕಿಟಕಿಯ ಸೊಳ್ಳೆಪರದೆ ಎಳೆದು ನೋಡಿದೆ, ಸ್ಟವ್ ಹಚ್ಚಿ ನೋಡಿದೆ. ಬಗ್ಗಿ ಕೆಳಗೆ ನೋಡಲಿಲ್ಲ.

ತೂಕ ಎಷ್ಟು ಎಂದು ಕೇಳಿದ್ದೆ. "ಮೇಡಮ್ಮರ, ನಾನೂರಾ ಐವತ್ತ ಕೆಜಿ ಮ್ಯಾಲೆ ಒಂದ ಗ್ರಾಮ್ ಇಲ್ರಿ. ಹಿಂದ ಕಟ್ಟೀರಿ ಅನ್ನೂದ ನಿಮಗ ಗೊತ್ತಾಗಂಗಿಲ್ಲ" ಅಂದರು. ನಂಬರ್ ಪ್ಲೇಟಿನ ಬಗ್ಗೆಯೂ ಕೇಳಿದ್ದೆ. "ಇದಕ್ಕ ಇಂಜಿನ್ನ ಇಲ್ರಿ, ಗಾಡಿ ಅಂತ ಹೆಂಗ ಅಕ್ಕೈತಿ? ಪಾಸಿಂಗ್ ಏನೂ ಬ್ಯಾಡ್ರಿ." 3 ಲಕ್ಷ 60 ಸಾವಿರ ಕೊಟ್ಟೆ. ಕಾರಿಗೆ ಕೊಂಡಿ ಬೆಸೆದದ್ದಕ್ಕೆ ಬೇರೆ 18 ಸಾವಿರ.

ಡಿಸೆಂಬರ್ ಮೊದಲ ವಾರ ಹೊರಟೆ. ಎರಡು ದಿನದಿಂದ ಮೋಡ ಕಟ್ಟಿ ಸುರಿದು ಆಗಷ್ಟೇ ಬಿಟ್ಟಿತ್ತು. ಟ್ಯಾಂಕು ತುಂಬಿಸಿದ್ದೆ. ಅಕ್ಕಿ, ಬೇಳೆ, ಪಾತ್ರೆ, ಸಿಲಿಂಡರು ಎಲ್ಲ ಹಿಂದಿನ ಅಡುಗೆಕಟ್ಟೆಯಲ್ಲೇ ಇಟ್ಟಿದ್ದೆ, ಏಕೆಂದರೆ ಜಾಗ ಇದ್ದದ್ದೇ ಅಲ್ಲಿ. ಹುಬ್ಬಳ್ಳಿ ದಾಟಿ ಗದಗ ರಸ್ತೆ ಹಿಡಿದು ಐವತ್ತರ ವೇಗದಲ್ಲಿ ಹೋಗುವವರೆಗೆ ಏನೂ ಅನ್ನಿಸಲಿಲ್ಲ. ಅಣ್ಣಿಗೇರಿ ದಾಟಿದ ಮೇಲೆ ರಸ್ತೆ ನೇರ, ಎರಡೂ ಕಡೆ ಕಡಲೆ ಹೊಲ. ಎಪ್ಪತ್ತರ ಹತ್ತಿರ ಬಂದಿದ್ದೆ. ಹಿಂದಿನಿಂದ ಬಂದ ದೊಡ್ಡ ಲಾರಿ ನನ್ನನ್ನು ದಾಟಿ ಹೋಯಿತು. ಅದರ ಗಾಳಿಗೆ ಟ್ರೇಲರಿನ ಹಿಂಭಾಗ ಒಮ್ಮೆ ಅಲ್ಲಾಡಿತು, ಮತ್ತೊಮ್ಮೆ, ಆಮೇಲೆ ಪ್ರತಿ ಸಲವೂ ಹಿಂದಿನದಕ್ಕಿಂತ ಜೋರಾಗಿ. ಕಾರಿನ ಹಿಂದಿನ ಗಾಲಿಗಳನ್ನೇ ಅದು ಎಡಕ್ಕೆ ಬಲಕ್ಕೆ ಎಳೆದಾಡತೊಡಗಿತು. ನಾನು ಸ್ಟೇರಿಂಗ್ ತಿರುಗಿಸಿ ಸರಿಮಾಡಲು ಹೋದೆ, ಜೊತೆಗೆ ಜೋರಾಗಿ ಬ್ರೇಕ್ ಒತ್ತಿದೆ.

ಈ ಎರಡನ್ನೂ ಮಾಡಬಾರದು. ಅಂಥ ಹೊತ್ತಿನಲ್ಲಿ ಆಕ್ಸಿಲರೇಟರಿನಿಂದ ಕಾಲು ಮೆಲ್ಲಗೆ ತೆಗೆದು, ಸ್ಟೇರಿಂಗ್ ನೇರವಾಗಿ ಗಟ್ಟಿ ಹಿಡಿದು, ವೇಗ ತಾನಾಗಿ ಇಳಿಯಲು ಬಿಡಬೇಕು. ಕಾರು ಥಟ್ಟನೆ ನಿಂತರೂ ಹಿಂದಿನದು ನಿಲ್ಲುವುದಿಲ್ಲ, ಕಾರನ್ನೇ ದೂಡಿ ಅಡ್ಡ ತಿರುಗಿಸುತ್ತದೆ. ನನ್ನ ಟ್ರೇಲರಿಗೆ ತನ್ನದೇ ಬ್ರೇಕ್ ಇರಲಿಲ್ಲ. ಕಾರು ರಸ್ತೆಗೆ ಅಡ್ಡವಾಗಿ ನಿಂತಿತು. ಟ್ರೇಲರ್ ಎಡಗಡೆಯ ಹೊಲಕ್ಕೆ ಇಳಿದು, ಮಳೆಯಲ್ಲಿ ನೆನೆದ ಎರೆಮಣ್ಣಿನಲ್ಲಿ ಅಚ್ಚಿನವರೆಗೆ ಹೂತು, ಎಡಕ್ಕೆ ವಾಲಿತು. ಕೊಂಡಿಯ ಬೆಸುಗೆ ಅರ್ಧ ಬಿಟ್ಟಿತ್ತು.

ಹೊಲದವರು ಓಡಿಬಂದರು. ಮೊದಲು ನನ್ನನ್ನು ಬದುವಿನ ಮೇಲೆ ಕೂರಿಸಿ ನೀರು ಕೊಟ್ಟರು, ಆಮೇಲೆ ಟ್ರ್ಯಾಕ್ಟರ್ ತರಿಸಿದರು. ಟ್ರೇಲರನ್ನು ಕಾರಿನಿಂದ ಬಿಚ್ಚಿ ರಸ್ತೆಯ ಅಂಚಿಗೆ ಎಳೆದು ನಿಲ್ಲಿಸಿದ ಮೇಲೆ, ಎಪ್ಪತ್ತು ದಾಟಿದ ಒಬ್ಬ ಅಜ್ಜ ಅದರ ಮುಂದಿನ ತೊಲೆಯನ್ನು ಒಂದೇ ಕೈಯಲ್ಲಿ ಮೇಲೆತ್ತಿದರು. ಸಲೀಸಾಗಿ ಎದ್ದಿತು.

"ಅಕ್ಕಾರ, ಇದು ಹಿಂಭಾರ ಆಗೇತ್ರಿ. ಚಕ್ಕಡ್ಯಾಗ ಹಿಂಗ ಹೇರಿದ್ರ ಮೂಕಿ ಮ್ಯಾಲೆದ್ದು ಎತ್ತಿಗೆ ಕೊಳ್ಳಾನ ಹಗ್ಗ ಬಿಗೀತೈತಿ. ಯಾವಾಗ್ಲೂ ಒಂದೀಟು ಮುಂಭಾರ ಹೇರಬೇಕ್ರಿ."

ಇಷ್ಟೇ ವಿಷಯ, ಭಾರ ಹಿಂದಕ್ಕೆ ಬಿದ್ದದ್ದಕ್ಕೇ ಟ್ರೇಲರ್ ಹಾಗೆ ಓಲಾಡಿತ್ತು. ಕ್ಯಾಂಪಿಂಗ್ ಟ್ರೇಲರಿನ ಬಗ್ಗೆ ನಾನು ಕಲಿತದ್ದರಲ್ಲಿ ಇದಕ್ಕಿಂತ ದೊಡ್ಡದು ಯಾವುದೂ ಇಲ್ಲ. ಸನ್ನೆಕೋಲಿನ ನಿಯಮವನ್ನು ಮೂವತ್ತು ವರ್ಷ ಹಲಗೆಯ ಮೇಲೆ ಬರೆದವಳು ನಾನು. ಅದನ್ನು ನನ್ನ ಗಾಡಿಗೆ ಹಚ್ಚಿ ನೋಡಲಿಲ್ಲ ಅನ್ನುವ ಸಂಕಟ ಈಗಲೂ ಇದೆ.

ಮುಂದಿನ ವಾರ ಅದನ್ನು ಲಾರಿಯ ಮೇಲೆ ಹೇರಿಸಿ ಅಮರಗೋಳದ ಎಪಿಎಂಸಿ ಹತ್ತಿರದ ಕಾಟಾಕ್ಕೆ ಒಯ್ದೆ. ಹತ್ತಿ, ಮೆಣಸಿನಕಾಯಿ ಗಾಡಿಗಳ ಸಾಲಿನಲ್ಲಿ ನಿಂತು ತೂಕ ಹಾಕಿಸಿದೆ. ಸಾಮಾನಿಲ್ಲದೆ, ನೀರಿಲ್ಲದೆ 710 ಕೆಜಿ. ಆ ದಿನ ಇದ್ದಂತೆಯೇ ನೀರು ತುಂಬಿ ಸಾಮಾನು ಇಟ್ಟರೆ 870. ಹೇಳಿದ್ದು 450! ಆಮೇಲೆ ಮನೆಯಂಗಳದಲ್ಲಿ, ಕೊಂಡಿ ಕೂರುವ ಎತ್ತರಕ್ಕೆ ಮರದ ತುಂಡು ನಿಲ್ಲಿಸಿ, ಅದರ ಕೆಳಗೆ ನಾವು ಮೈತೂಕ ನೋಡುವ ಯಂತ್ರ ಇಟ್ಟು, ಕೊಂಡಿಯ ಮೇಲೆ ಬೀಳುವ ಭಾರ ಅಳೆದೆ. 18 ಕೆಜಿ ತೋರಿಸಿತು.

ಗಾಲಿಗಳ ಅಚ್ಚು ಒಂದೇ ಇರುವ ಇಂಥ ಟ್ರೇಲರಿನಲ್ಲಿ ಒಟ್ಟು ತೂಕದ ನೂರಕ್ಕೆ 10ರಿಂದ 15ರಷ್ಟು ಭಾರ ಕೊಂಡಿಯ ಮೇಲೆ ಕೂರಬೇಕು ಅನ್ನುವುದು ಟ್ರೇಲರ್ ಕಟ್ಟುವವರು ಸಾಮಾನ್ಯವಾಗಿ ಹಿಡಿಯುವ ಲೆಕ್ಕ. 870ಕ್ಕೆ ಕಡಿಮೆಯೆಂದರೂ 87 ಕೆಜಿ ಆಯಿತು. ನನ್ನದರಲ್ಲಿ ಅದರ ಕಾಲುಭಾಗವೂ ಇರಲಿಲ್ಲ. ಲೆಕ್ಕ ಹಾಕಿ ನೋಡಿ: ಅಚ್ಚಿನಿಂದ ಕೊಂಡಿಗೆ 2.6 ಮೀಟರ್, ಅಚ್ಚಿನಿಂದ ಹಿಂದಿನ ಟ್ಯಾಂಕಿಗೆ 1.2 ಮೀಟರ್. ಒಂದು ಲೀಟರ್ ನೀರು ಒಂದು ಕೆಜಿ. 80ನ್ನು 1.2ರಿಂದ ಗುಣಿಸಿ 2.6ರಿಂದ ಭಾಗಿಸಿದರೆ ಸುಮಾರು 37. ಅಂದರೆ ಆ ಟ್ಯಾಂಕು ತುಂಬಿದ ಕೂಡಲೇ ಕೊಂಡಿಯ ಮೇಲಿನ 37 ಕೆಜಿ ಭಾರ ಮಾಯ. ಬ್ಯಾಟರಿ ಇನ್ನೊಂದು 20 ಕೆಜಿ ತಿಂದಿತ್ತು. ಟ್ಯಾಂಕನ್ನು ಅಚ್ಚಿನ ಮೇಲೋ ತುಸು ಮುಂದೋ ಇಟ್ಟಿದ್ದರೆ ಒಂದು ರೂಪಾಯಿ ಹೆಚ್ಚು ಖರ್ಚಿರಲಿಲ್ಲ. ಹಿಂದಿಟ್ಟರೆ ಅಡುಗೆಕಟ್ಟೆಗೆ ನಲ್ಲಿ ಎಳೆಯುವುದು ಸುಲಭ, ಅದಕ್ಕೇ ಹಿಂದಿಟ್ಟಿದ್ದರು.

ಆದ್ದರಿಂದ ಮುಂಗಡ ಕೊಡುವ ಮೊದಲೇ ಹೇಳಿ: ಕಾಟಾಕ್ಕೆ ಹಾಕಿಸೋಣ, ಚೀಟಿ ನನ್ನ ಕೈಗೆ ಕೊಡಿ. ಟ್ಯಾಂಕು ತುಂಬಿಸಿಯೇ ಹಾಕಿಸಿ. ಕಾಟಾದ ಬಾಡಿಗೆ ಒಂದು ಊಟದ ಖರ್ಚೂ ಅಲ್ಲ. ಒಪ್ಪದವರ ಹತ್ತಿರ ಕೊಳ್ಳಬೇಡಿ, ಎಷ್ಟೇ ಚಂದ ಇದ್ದರೂ ಎದ್ದು ಬನ್ನಿ. ಜೊತೆಗೆ ನಿಮ್ಮ ಕಾರಿನ ಪುಸ್ತಕ ತೆಗೆದು ಎಷ್ಟು ಎಳೆಯಬಹುದು ಎಂದು ನೋಡಿ. ನನ್ನ ಕಾರಿನ ಪುಸ್ತಕದಲ್ಲಿ ಟ್ರೇಲರ್ ಎಳೆಯಲು ಶಿಫಾರಸು ಇಲ್ಲ ಎಂದೇ ಅಚ್ಚಾಗಿದೆ. ನಾನು ಅದನ್ನು ಓದಿದ್ದು ಅಪಘಾತದ ನಂತರ. ಬ್ರೇಕಿನ ವಿಷಯವೂ ತೂಕಕ್ಕೇ ಅಂಟಿಕೊಂಡಿದೆ. ಯುರೋಪಿನಲ್ಲಿ ಒಟ್ಟು 750 ಕೆಜಿ ಮೀರಿದ ಟ್ರೇಲರಿಗೆ ತನ್ನದೇ ಬ್ರೇಕ್ ಕಡ್ಡಾಯ. ನಾನು ಬ್ರೇಕಿಲ್ಲದ 870 ಕೆಜಿಯನ್ನು ಹಿಂದೆ ಕಟ್ಟಿಕೊಂಡು ಹೊರಟಿದ್ದೆ. ಮುಂದೆ ಯಲ್ಲಾಪುರದ ಕಡೆಯಿಂದ ಅರಬೈಲ್ ಘಟ್ಟ ಇಳಿಯುವ ಆಸೆ ಬೇರೆ ಇತ್ತು. ಅದನ್ನು ನೆನೆದರೆ ಈಗ ಮೈ ನಡುಗುತ್ತದೆ.

ಇನ್ನು ಕಾಗದ. ಇಂಜಿನ್ ಇಲ್ಲದ್ದು ಗಾಡಿಯಲ್ಲ ಅನ್ನುವುದು ಶುದ್ಧ ಸುಳ್ಳು. 1988ರ ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯಲ್ಲೇ ಟ್ರೇಲರ್ ಕೂಡ ಮೋಟಾರು ವಾಹನ ಎಂದಿದೆ. ನೋಂದಣಿ ಇಲ್ಲದೆ ಅದನ್ನು ರಸ್ತೆಗೆ ಇಳಿಸುವಂತಿಲ್ಲ ಎನ್ನುತ್ತದೆ 39ನೇ ಕಲಮು. ತಯಾರಿಸಿದವರು ಮಾರಾಟದ ಪ್ರಮಾಣಪತ್ರ, ಅಂದರೆ ನಮೂನೆ 21, ಮತ್ತು ರಸ್ತೆಗೆ ಯೋಗ್ಯ ಎಂಬ ನಮೂನೆ 22 ಕೊಡಬೇಕು. ಅವಿಲ್ಲದೆ ಹುಬ್ಬಳ್ಳಿಯ ಕೆಎ 63 ಇರಲಿ, ಧಾರವಾಡದ ಕೆಎ 25 ಇರಲಿ, ನಂಬರು ಸಿಗುವುದಿಲ್ಲ. ನನಗೆ ಸಿಕ್ಕಿದ್ದು "ಕಬ್ಬಿಣದ ಕೆಲಸ" ಎಂದು ಬರೆದ ಒಂದು ಬಿಳಿ ಚೀಟಿ. ಕಾರಿನ ಹಿಂಭಾಗ ನೆಗ್ಗಿ, ಚಾಸಿ ಬಾಗಿ 62 ಸಾವಿರ ಖರ್ಚಾಯಿತು. ನೋಂದಣಿ ಇಲ್ಲದ ಟ್ರೇಲರ್ ಎಳೆಯುತ್ತಿದ್ದಿರಿ ಎಂದು ವಿಮೆಯವರು ಒಂದು ರೂಪಾಯಿ ಕೊಡಲಿಲ್ಲ. ಎದುರಿನಿಂದ ಬೈಕು ಬಂದಿದ್ದರೆ ಆ ಮನೆಯವರಿಗೆ ನಾನು ಯಾವ ಮುಖ ತೋರಿಸಬೇಕಾಗಿತ್ತು?

ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಒಂದು ಸಂಖ್ಯೆ ಇರುತ್ತದೆ. ಮೊದಲೆರಡು ಟೈರು ತಯಾರಾದ ವಾರ, ಕೊನೆಯೆರಡು ವರ್ಷ. ನನ್ನ "ಹೊಸ" ಟ್ರೇಲರಿನ ಟೈರುಗಳ ಮೇಲೆ 1914, ಅಂದರೆ 2014ರ 19ನೇ ವಾರ, ಎಂದಿತ್ತು, ಕರಿ ಪಾಲಿಶ್ ಒರೆಸಿದ ಮೇಲೆ ಕಂಡಿತು. ಪ್ಲೈವುಡ್ಡಿನ ಮೇಲೆ ಐಎಸ್ 710 ಎಂಬ ಗುರುತು ಇದೆಯೇ ನೋಡಿ, ಅದು ನೀರು ತಡೆಯುವ ಮರೈನ್ ಪ್ಲೈ. ನನ್ನದು ಐಎಸ್ 303, ಮನೆಯ ಕಪಾಟಿಗೆ ಹಾಕುವಂಥದ್ದು. ಅಂಗಳದಲ್ಲಿ ನಿಂತಿದ್ದಾಗ ಬಿದ್ದ ಒಂದೇ ಮಳೆಗೆ ಚಾವಣಿಯ ಮೂಲೆ ಉಬ್ಬಿತು.

ಒಬ್ಬರೇ ಹೋಗುವವರಿಗೆ ಬೇರೆಯದೇ ಕಾಳಜಿಗಳಿವೆ. ಇವನ್ನು ಮಾರುವವರು ಯಾರೂ ಹೇಳುವುದಿಲ್ಲ. ಟ್ರೇಲರಿನೊಳಗೆ ಹೋಗಿಬರಲು ಇದ್ದದ್ದು ಎಡಗಡೆ ಒಂದೇ ಬಾಗಿಲು, ಹೊರಕ್ಕೆ ತೆರೆಯುವಂಥದ್ದು. ಹೊಲದಲ್ಲಿ ಅದು ಎಡಕ್ಕೆ ವಾಲಿದಾಗ ಬಾಗಿಲು ಮಣ್ಣಿಗೆ ಒತ್ತಿಕೊಂಡು, ಇಬ್ಬರು ಗಂಡಸರು ಹಾರೆ ಹಾಕಿ ಮೀಟಿದರೂ ತೆರೆಯಲಿಲ್ಲ. ನಾನು ಒಳಗಿರಲಿಲ್ಲ, ನಿಜ. ಆದರೆ ರಾತ್ರಿ ಮಲಗಿದ್ದಾಗ ಮಳೆಗೆ ಒಂದು ಗಾಲಿ ಕುಸಿದರೂ ಹಾಗೆಯೇ ವಾಲುತ್ತದೆ, ಹೊರಗಿನಿಂದ ಮೀಟಲು ಜೊತೆಗಾರರು ಇರುವುದಿಲ್ಲ. ಎರಡೂ ಪಕ್ಕಕ್ಕೆ ಬಾಗಿಲು ಇರಲಿ, ಇಲ್ಲವೇ ನಿಮ್ಮ ಮೈ ತೂರುವಷ್ಟು ದೊಡ್ಡ ಕಿಟಕಿ ಒಳಗಿನಿಂದ ತೆರೆಯುವಂತಿರಲಿ. ತೂರಿ ನೋಡಿಯೇ ಕೊಳ್ಳಿ. ಎರೆಭೂಮಿಯಲ್ಲಿ, ನವಲಗುಂದ, ಅಣ್ಣಿಗೇರಿ ಕಡೆ, ಮೋಡ ಕಂಡರೆ ಹೊಲಕ್ಕೆ ಇಳಿಸಲೇಬೇಡಿ, ಗಟ್ಟಿ ನೆಲದ ಮೇಲೇ ನಿಲ್ಲಿಸಿ.

ಗ್ಯಾಸಿನ ವಿಷಯವೂ ಹಾಗೆಯೇ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ನಿಲ್ಲುತ್ತದೆ. ನನ್ನ ಟ್ರೇಲರಿನಲ್ಲಿ ಗಾಳಿಕಿಂಡಿ ಇದ್ದದ್ದು ಚಾವಣಿಯಲ್ಲಿ ಮಾತ್ರ. ಸಿಲಿಂಡರ್ ಇಡುವ ಗೂಡಿನ ತಳದಲ್ಲಿ ನೇರ ಹೊರಕ್ಕೆ ಕಿಂಡಿ ಇರಲೇಬೇಕು. ಚಳಿ ಎಂದು ಕಿಟಕಿ ಮುಚ್ಚಿ ಒಳಗೆ ಸ್ಟವ್ ಹಚ್ಚಬೇಡಿ. ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ನಿದ್ದೆಯಲ್ಲೇ ಮುಗಿಸಿಬಿಡುತ್ತದೆ, ಎಬ್ಬಿಸಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಮುಂದಿನ ತೊಲೆಗೆ ಸಣ್ಣ ಗಾಲಿಯಿದೆಯೇ ಎಂಬುದನ್ನೂ ನೋಡಿ. ಸರಿಯಾಗಿ ಮುಂಭಾರ ಇರುವ ಟ್ರೇಲರಿನ ತೊಲೆಯನ್ನು ಒಬ್ಬರೇ ಎತ್ತಿ ಕಾರಿಗೆ ಕೂರಿಸುವುದು ಆಗದ ಮಾತು. ಆ ಗಾಲಿ ಇಲ್ಲದಿದ್ದರೆ ಪ್ರತಿ ಊರಿನಲ್ಲೂ ಯಾರನ್ನಾದರೂ ಕರೆಯಬೇಕಾಗುತ್ತದೆ.

ಮಾರಿದವರಿಗೆ ಫೋನ್ ಮಾಡಿದಾಗ ಮೊದಲ ಸಲ, "ನೀವ ಜೋರ ಓಡಿಸೀರಿ" ಅಂದರು. ಎರಡನೆಯ ಸಲ ಎತ್ತಿದರು, ಮಾತಾಡಲಿಲ್ಲ. ಆಮೇಲೆ ಎತ್ತಲೇ ಇಲ್ಲ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದೇನೆ. ಎರಡು ವರ್ಷದೊಳಗೆ ಕೊಡಬೇಕು, ತಡಮಾಡಬೇಡಿ. ಸರಿಯಾದ ಬಿಲ್ಲು ಇಲ್ಲದಿರುವುದೇ ನನ್ನ ಕಡೆಯ ದೊಡ್ಡ ಕೊರತೆ. ಆದರೆ 450 ಕೆಜಿ ಎಂದು ಅವರು ವಾಟ್ಸಾಪಿನಲ್ಲಿ ಕಳಿಸಿದ ಮಾತೂ ಕಾಟಾದ ಚೀಟಿಯೂ ನನ್ನ ಹತ್ತಿರ ಇವೆ.

ಹೋದ ವಾರ ಒಬ್ಬರು ಅದನ್ನು ಒಂದು ಲಕ್ಷಕ್ಕೆ ಕೇಳಿಕೊಂಡು ಬಂದರು, ವೆಲ್ಡಿಂಗ್ ಮಾಡಿಸಿ ಗೋವಾಕ್ಕೆ ಒಯ್ಯುತ್ತಾರಂತೆ. ಎಲ್ಲ ಹೇಳಿ, ಚೀಟಿ ತೋರಿಸಿ, ಕೊಡುವುದಿಲ್ಲ ಎಂದು ಕಳಿಸಿದೆ. ಕೆಲಗೇರಿ ಹತ್ತಿರ ಮಾವಿನ ತೋಟ ಮಾಡಿರುವ ನನ್ನ ತಂಗಿಯ ಮಾವನವರು ಕಾವಲುಗಾರ ಮಲಗಲು ಅದು ಬೇಕು ಅಂದಿದ್ದಾರೆ. ದೂರು ಇತ್ಯರ್ಥವಾದ ಮೇಲೆ ಕೊಡುತ್ತೇನೆ. ಕೊಡುವ ಮೊದಲು ಮುಂದಿನ ತೊಲೆಯನ್ನು ಬುಡಕ್ಕೆ ಗ್ಯಾಸ್ ಕಟ್ಟರಿನಿಂದ ಕತ್ತರಿಸಿ, ಗಾಲಿ ಬಿಚ್ಚಿ, ಇಟ್ಟಿಗೆಯ ಮೇಲೆ ಕೂರಿಸುವುದು ಎಂದು ಮಾತಾಗಿದೆ.