ಶಿಕ್ಷಣದ ಅಸಮಾನತೆ: ಯಾವ ವಿವರಣೆ ಯಾವಾಗ?

ದಾವಣಗೆರೆಯ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬರು, ಚಳ್ಳಕೆರೆ ಸೀಮೆಯ ಹಟ್ಟಿ, ತಾಂಡಾಗಳ ಮಕ್ಕಳು ಓದಿನಲ್ಲಿ ಏಕೆ ಹಿಂದುಳಿಯುತ್ತಾರೆ ಎಂಬ ಕುರಿತ ತಮ್ಮ ಕಿರುಪ್ರಬಂಧಕ್ಕೆ ಭೌತಿಕ ಕೊರತೆ (ಬಡತನ, ಸೌಲಭ್ಯಗಳ ಅಭಾವ), ಸಾಂಸ್ಕೃತಿಕ ಬಂಡವಾಳ (ಮನೆಯಿಂದ ಬರುವ, ಶಾಲೆ ಬೆಲೆಕೊಡುವ ಭಾಷೆ, ನಡೆನುಡಿ, ತಿಳಿವು), ಹಣೆಪಟ್ಟಿ ಸಿದ್ಧಾಂತ (ಶಿಕ್ಷಕರು 'ದಡ್ಡ', 'ಜಾಣ' ಎಂದು ಹಚ್ಚುವ ಪಟ್ಟಿ ಮಗುವಿನ ಓದನ್ನೇ ರೂಪಿಸುತ್ತದೆ ಎಂಬ ವಾದ) ಈ ಮೂರರಲ್ಲಿ ಯಾವುದನ್ನು ಆರಿಸಲಿ ಎಂದು ಕೇಳಿದ್ದಾರೆ.

ಪುರಾವೆ ಒದಗಿಸಲು ಮೊದಲನೆಯದೇ ಸುಲಭ. ಆದಾಯ, ಶಾಲೆಯ ದೂರ, ವಲಸೆ ಹೋಗುವ ತಿಂಗಳುಗಳನ್ನು ಎಣಿಸಬಹುದು. ಆದರೆ ಒಂದೇ ಮನೆಯ ಅಣ್ಣ ಕಾಲೇಜಿಗೆ ಹೋಗಿ ತಂಗಿ ಎಂಟನೆಯ ತರಗತಿಗೇ ಓದು ಬಿಟ್ಟರೆ ಅದನ್ನು ಬಡತನವೊಂದೇ ವಿವರಿಸಲಾರದು. ಇಂಗ್ಲೆಂಡಿನಲ್ಲಿಯೂ ಬಡ ಕುಟುಂಬಗಳ ಚೀನೀ ಮೂಲದ ಮಕ್ಕಳು ಅದೇ ಸ್ಥಿತಿಯ ಬಿಳಿಯ ಬ್ರಿಟಿಷ್ ಮಕ್ಕಳಿಗಿಂತ ಪರೀಕ್ಷೆಗಳಲ್ಲಿ ಬಹಳ ಮುಂದಿದ್ದಾರೆ.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೂರ್ದಿಯೂ ರೂಪಿಸಿದ ಸಾಂಸ್ಕೃತಿಕ ಬಂಡವಾಳದ ಪರಿಕಲ್ಪನೆಯು, ಮನೆಯಲ್ಲಿ ಲಂಬಾಣಿ ಆಡುವ ಮಗು ಪಠ್ಯಪುಸ್ತಕದ ಕನ್ನಡದೆದುರು ಏಕೆ ತಡವರಿಸುತ್ತದೆ ಎಂಬುದನ್ನು ಚೆನ್ನಾಗಿ ತೋರಿಸುತ್ತದೆ. ಇದನ್ನು 'ಅವರ ಸಂಸ್ಕೃತಿಯೇ ಹಿಂದುಳಿದದ್ದು' ಎಂದು ಓದುವವರಿದ್ದಾರೆ. ಅದು ತಪ್ಪು ಮಾತ್ರವಲ್ಲ, ಅನ್ಯಾಯವೂ ಹೌದು, ಏಕೆಂದರೆ ಬೂರ್ದಿಯೂ ಪ್ರಶ್ನಿಸಿದ್ದು ಒಂದು ವರ್ಗದ ನಡೆನುಡಿಯನ್ನೇ ಪ್ರತಿಭೆಯೆಂದು ಅಳೆಯುವ ಶಾಲೆಯನ್ನು. ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಿನ ದಿನಗಳಲ್ಲಿ ಹೊರಗಿರಬೇಕಾದ ಹುಡುಗಿಯರ ಬಗ್ಗೆ ಬರೆಯುವಾಗಲೂ, ಸಂಪ್ರದಾಯವನ್ನಷ್ಟೇ ದೂರದೆ, ಶಾಲೆಯಲ್ಲಿ ನೀರು, ಶೌಚಾಲಯ ಇವೆಯೇ ಎಂದು ಮೊದಲು ನೋಡಬೇಕು.

ಹಣೆಪಟ್ಟಿ ಸಿದ್ಧಾಂತವು ಶಿಕ್ಷಕರ ನಿರೀಕ್ಷೆಗಳನ್ನು ನೋಡುವುದರಿಂದ ಜಾತಿ, ಬುಡಕಟ್ಟು ಮತ್ತು ಲಿಂಗ ಒಟ್ಟಿಗೆ ಸೇರುವ ಜಾಗ ಅಲ್ಲಿ ಕಣ್ಣಿಗೆ ಬೀಳುತ್ತದೆ. ಅದಕ್ಕೆ ತಿಂಗಳುಗಟ್ಟಲೆ ತರಗತಿಯಲ್ಲಿ ಕುಳಿತು ಗಮನಿಸಬೇಕು.

ಎರಡೇ ತಿಂಗಳಿದ್ದರೆ ಭೌತಿಕ ಕೊರತೆಯನ್ನೂ, ಲಂಬಾಣಿ ಬಲ್ಲವರಾದರೆ ಸಾಂಸ್ಕೃತಿಕ ಬಂಡವಾಳವನ್ನೂ, ಒಂದು ಶಾಲೆಯ ವಿಶ್ವಾಸ ಗಳಿಸಿದ್ದರೆ ಮೂರನೆಯದನ್ನೂ ಆರಿಸಿಕೊಳ್ಳಿ.